ಮೊದಲ ತಪ್ಪಿಗೇ ಎರಡು ಸಾವಿರ ದಂಡವೇ?

ಕಾಸರಗೋಡು ಪೇಟೆಯ ವಸತಿ ಸಂಘದವರು ನನ್ನಲ್ಲಿಗೆ ಬರುವಾಗ ಬ್ಯಾನರಿನ ಒಕ್ಕಣೆ ಸಿದ್ಧವಾಗಿಯೇ ಇರುತ್ತದೆ: ‘ಕಸ ಹಾಕಿದರೆ 2000 ರೂಪಾಯಿ ದಂಡ’. ಮನುಷ್ಯ ಹುಟ್ಟಾ ಸ್ವಾರ್ಥಿ, ಡಾರ್ವಿನ್ನೇ ಹೇಳಿದ್ದಾನಲ್ಲ ಸರ್ ಎನ್ನುತ್ತಾರೆ. ಅವನು ಹಾಗೆ ಹೇಳಿಲ್ಲ. ಒಬ್ಬರಿಗೊಬ್ಬರು ಆಗುವವರು ಹೆಚ್ಚಿರುವ ಪಂಗಡ ಉಳಿದವನ್ನು ಮೀರಿಸುತ್ತದೆ ಎಂದು 1871ರಲ್ಲೇ ಬರೆದವನು ಅವನು.

ಅಮೆರಿಕದ ತಳಿವಿಜ್ಞಾನಿ ವಿಲಿಯಂ ಮ್ಯೂರ್, ಒಂದನ್ನೊಂದು ಕುಕ್ಕಿ ಸಾಯಿಸುವ ಮೊಟ್ಟೆಕೋಳಿಗಳನ್ನು ಒಂದೊಂದಾಗಿ ಆರಿಸದೆ ಇಡೀ ಗೂಡನ್ನೇ ಆರಿಸಿ ತಳಿ ಬೆಳೆಸಿದರು. ಎರಡನೇ ತಲೆಮಾರಿನಲ್ಲಿ ಶೇ. 68 ಇದ್ದ ವಾರ್ಷಿಕ ಸಾವು ನಾಲ್ಕನೆಯದರಲ್ಲಿ ಶೇ. 8.8ಕ್ಕೆ ಇಳಿಯಿತು. ಮನುಷ್ಯರನ್ನು ಹಾಗೆ ಆರಿಸಲಾಗದು, ಆರಿಸಬಾರದು ಕೂಡ. ನಮ್ಮ ಕೈಲಿರುವುದು ಕಟ್ಟಳೆ. ಹುಲ್ಲುಗಾವಲು, ನೀರು, ಮೀನುಗಳನ್ನು ಹಂಚಿಕೊಂಡು ಬಾಳಿದ ಊರುಗಳಿಂದ ರಾಜ್ಯಶಾಸ್ತ್ರಜ್ಞೆ ಎಲಿನರ್ ಆಸ್ಟ್ರಮ್ 1990ರಲ್ಲಿ ಎಂಟು ಸೂತ್ರ ಹೆಕ್ಕಿದರು. ವಿಕಾಸವಿಜ್ಞಾನಿ ಡೇವಿಡ್ ಸ್ಲೋನ್ ವಿಲ್ಸನ್ ಅವನ್ನು ನಗರದ ನೆರೆಕೆರೆಗೂ ಒಯ್ದರು.

ಏಳನ್ನು ಜನ ಬೇಗ ಒಪ್ಪುತ್ತಾರೆ. ಒಂದು ಮಾತ್ರ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ: ಶಿಕ್ಷೆ ಸಣ್ಣದರಿಂದ ಶುರುವಾಗಬೇಕು. ಮೊದಲ ಸಲ ಒಂದು ಮಾತು, ಅಷ್ಟೆ. ಮಾತು ಅಂದರೆ ವಾಟ್ಸಾಪ್ ಗ್ರೂಪಿನಲ್ಲಿ ಕಸದ ಫೋಟೊ ಅಲ್ಲ. ಗುರುತಿನವರು ಗೇಟಿನ ಹತ್ತಿರ ನಿಂತು ಹೇಳುವುದು. ಎರಡನೇ ಸಲ ಸಂಘದವರಿಬ್ಬರು ಹೋಗಿ ಕೂತು ಮಾತಾಡುವುದು. ದಂಡ ಆಮೇಲೆ, ಅದೂ ಚಿಕ್ಕದು. ತಪ್ಪಿದವನಿಗೆ ಮರಳಿ ಬರುವ ದಾರಿ ಇರಬೇಕು ಮಾರಾಯ್ರೆ!

ಒಂದು ಓಣಿಯಲ್ಲಿ ಕಸ ಹಾಕಿದ ಹಿರಿಯರೊಬ್ಬರಿಗೆ ಮೊದಲೇ ದಂಡ ಹಾಕಿದರು. ಆ ಹಿರಿಯರು ದುಡ್ಡು ಕಟ್ಟಿದರು, ಸಭೆಗೆ ಬರುವುದನ್ನು ಬಿಟ್ಟರು. ಅವರ ಹಿಂದೆ ಅಕ್ಕಪಕ್ಕದ ಮನೆಯವರೂ ಬಿಟ್ಟರು. ಟ್ರಾನ್ಸ್‌ಫಾರ್ಮರ್ ಬುಡದ ರಾಶಿ ಹೆಚ್ಚಾಯಿತು. ಕೊನೆಗೆ ಅಲ್ಲೇ ಎದುರಿಗಿರುವ ಅಕ್ಕ ಒಬ್ಬರು, ‘ಹರಿತ ಕರ್ಮ ಸೇನೆಯವರು (ಮನೆಮನೆಯಿಂದ ಒಣಕಸ ಒಯ್ಯುವವರು) ನಾಳೆ ಬರ್ತಾರೆ ಮಾವ, ಪ್ಲಾಸ್ಟಿಕ್ ತೊಳೆದಿಡಿ, ನಾನೇ ಕೊಡ್ತೇನೆ’ ಎಂದು ಹೇಳಿ ಬಂದರು. ಕಸ ನಿಂತಿತು.

ಕಾಸರಗೋಡು ಜಿಲ್ಲೆಯ ಏತಡ್ಕ ಕಡೆ ತೋಡಿಗೆ ಕಟ್ಟ, ಅಂದರೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಕಟ್ಟುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನೀರು ಯಾರ್ಯಾರ ತೋಟಕ್ಕೆಂದು ಗೊತ್ತು, ಕೆಲಸಕ್ಕೆ ಬಾರದವನನ್ನು ಪಕ್ಕದ ತೋಟದವನೇ ಕೇಳುತ್ತಾನೆ.

ಎಲ್ಲ ಕಡೆ ಇದೇ ಮದ್ದು ಅಂತಲ್ಲ. ರಾತ್ರಿ ಲಾರಿಯಲ್ಲಿ ಕೊಳಕು ಸುರಿದು ಹೋಗುವವನಿಗೆ ನೆರೆಕೆರೆಯ ಹಂಗಿಲ್ಲ. ಅಲ್ಲಿ ನಗರಸಭೆ, ಪೊಲೀಸರೇ ಬೇಕು. ಕಾನೂನುಬದ್ಧ ದಂಡದ ಅಧಿಕಾರವೂ ಸಂಘದ್ದಲ್ಲ. ಹಾಗಾಗಿ ಬರುವಾಗ ಬ್ಯಾನರ್ ಬೇಡ, ಓಣಿಯ ಮನೆಗಳ ಪಟ್ಟಿ ತನ್ನಿ. ಯಾರ ಮಾತು ಯಾರು ಕೇಳುತ್ತಾರೆ ಎಂಬುದನ್ನು ಪಕ್ಕದಲ್ಲೇ ಬರೆದಿರಲಿ.