ಬೆಳಗಿನ ಟಿಕ್ ಟಿಕ್: ಟ್ಯಾಪೆಟ್ಟೇ ಕಳ್ಳನೆ?

ಪ್ರಶ್ನೆ: ನನ್ನದು ಹನ್ನೊಂದು ವರ್ಷದ ಪೆಟ್ರೋಲ್ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಬಾನೆಟ್ ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತದೆ. ಮಂಡ್ಯದಿಂದ ಹೊರಟು ಶ್ರೀರಂಗಪಟ್ಟಣ ಮುಟ್ಟುವಷ್ಟರಲ್ಲಿ ನಿಂತಿರುತ್ತದೆ. ಟ್ಯಾಪೆಟ್ ಹೋಗಿದೆ, ಹೆಡ್ ಇಳಿಸಬೇಕು ಎನ್ನುತ್ತಾರೆ ಮೆಕ್ಯಾನಿಕ್. ಇಳಿಸಬೇಕೆ?

ಉತ್ತರ: ಸದ್ಯಕ್ಕೆ ಬೇಡ. ಗಾಳಿ ಒಳಬರುವ, ಹೊಗೆ ಹೊರಹೋಗುವ ದಾರಿಗಳ ಕವಾಟಗಳೇ ವಾಲ್ವ್‌ಗಳು; ಅವುಗಳನ್ನು ಒತ್ತಿ ತೆರೆಯುವ ಭಾಗ ಟ್ಯಾಪೆಟ್; ಇವು ಕುಳಿತಿರುವ ಎಂಜಿನ್‌ನ ಮೇಲ್ಭಾಗ ಹೆಡ್. ಟ್ಯಾಪೆಟ್ ಸರಿಪಡಿಸಲು ಸಾಮಾನ್ಯವಾಗಿ ಹೆಡ್ ಇಳಿಸಬೇಕಾಗಿಯೇ ಇಲ್ಲ, ಅದರ ಮೇಲಿನ ಮುಚ್ಚಳ ತೆಗೆದರೆ ಸಾಕು. ಅದಕ್ಕೂ ಮೊದಲು, ಸದ್ದು ಟ್ಯಾಪೆಟ್‌ನದೇ ಎಂದು ಖಚಿತವಾಗಬೇಕು.

ಸದ್ದು ನಿಲ್ಲುತ್ತದೆ ಎಂದಿದ್ದೀರಿ, ಸರಿಯಾಗಿ ಎಷ್ಟು ಹೊತ್ತಿಗೆ ಎಂದು ಬರೆದಿಲ್ಲ. ಇಡೀ ಪತ್ತೆದಾರಿಕೆ ನಿಂತಿರುವುದು ಅದರ ಮೇಲೆ. ಐದಾರು ಸೆಕೆಂಡಿನಲ್ಲಿ ನಿಂತರೆ ಅದು ಎಣ್ಣೆಯ ವಿಚಾರ. ರಾತ್ರಿಯಿಡೀ ನಿಂತ ಎಂಜಿನ್‌ನಲ್ಲಿ ಆಯಿಲ್ ಕೆಳಗಿಳಿದಿರುತ್ತದೆ, ಮತ್ತೆ ಮೇಲೇರುವವರೆಗೆ ವಾಲ್ವ್‌ಗಳ ಬಳಿ ಲೋಹಕ್ಕೆ ಲೋಹ ತಗಲುತ್ತದೆ. ಆಯಿಲ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಕಾರುಗಳಲ್ಲಿ ಇದು ಇನ್ನೂ ಸ್ಪಷ್ಟ, ಏಕೆಂದರೆ ಒಳಗೆ ಆಯಿಲ್ ತುಂಬಿಕೊಂಡರೆ ಮಾತ್ರ ಅವು ಸಂದು ಮುಚ್ಚುತ್ತವೆ. ಈ ಸದ್ದು ಕಳೆದ ಸರ್ವಿಸ್ ಆದ ಮೇಲೆ ಶುರುವಾಗಿದ್ದರೆ ಆಯಿಲ್ ಫಿಲ್ಟರ್ ಮೇಲೆ ಸಂಶಯಪಡಿ. ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ಕವಾಟವೊಂದು ಫಿಲ್ಟರ್ ಒಳಗಿರುತ್ತದೆ, ಅಗ್ಗದ ಮಾಲಿನಲ್ಲಿ ಅದು ಹೆಸರಿಗಷ್ಟೇ ಇರುವುದುಂಟು. ಕೈಪಿಡಿಯಲ್ಲಿ 5ಡಬ್ಲ್ಯು-30 ಎಂಬ ತೆಳು ಆಯಿಲ್ ಹೇಳಿರುವಾಗ ‘ಹಳೇ ಗಾಡಿ, ಗಟ್ಟಿ ಎಣ್ಣೆ ಹಾಕೋಣ’ ಎಂದು 20ಡಬ್ಲ್ಯು-50 ಸುರಿದರೂ ಇದೇ ಕಥೆ: ಧನುರ್ಮಾಸದ ಚಳಿಗೆ ಅದು ಮೇಲೇರಲು ತಡಮಾಡುತ್ತದೆ.

ಆದ್ದರಿಂದ ಮೊದಲ ಕೆಲಸಕ್ಕೆ ದುಡ್ಡು ಬೇಡ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಐದು ನಿಮಿಷ ಬಿಟ್ಟು, ಆಯಿಲ್ ಮಟ್ಟ ತೋರಿಸುವ ಕಡ್ಡಿ ಡಿಪ್‌ಸ್ಟಿಕ್ ನೋಡಿ. ಸಣ್ಣ ಕಾರುಗಳಲ್ಲಿ ಎರಡು ಗುರುತುಗಳ ನಡುವಿನ ಅಂತರ ಹೆಚ್ಚು ಕಡಿಮೆ ಒಂದು ಲೀಟರ್. ದಶಪಥ ಹೆದ್ದಾರಿಯಲ್ಲಿ ದಿನವೂ ವೇಗವಾಗಿ ಓಡುವ ಹಳೆಯ ಎಂಜಿನ್ ಹೊಗೆ ಕಾಣಿಸದೆಯೇ ಆಯಿಲ್ ಕುಡಿಯಬಲ್ಲದು. ಕಡಿಮೆಯಿದ್ದರೆ ತುಂಬಿಸಿ, ಆದರೆ ಮೇಲಿನ ಗುರುತು ದಾಟಿಸಬೇಡಿ. ಹೆಚ್ಚಾದ ಆಯಿಲ್, ಎಂಜಿನ್ ತಳದಲ್ಲಿ ತಿರುಗುವ ಕ್ರ್ಯಾಂಕ್ ದಂಡ ಕಡೆದ ಕಡೆತಕ್ಕೆ ನೊರೆಯೆದ್ದು ಟ್ಯಾಪೆಟ್ಟಿಗೆ ಗಾಳಿಯನ್ನೇ ಉಣಿಸುತ್ತದೆ.

ಸದ್ದು ಐದು ಹತ್ತು ನಿಮಿಷ ಇದ್ದು, ಆಕ್ಸಿಲರೇಟರ್ ಒತ್ತಿದಾಗ ಜೋರಾಗಿ, ಬಿಸಿಯೇರಿದಂತೆ ಕರಗಿದರೆ ನನ್ನ ಸಂಶಯ ಬೇರೆ ಕಡೆಗೆ. ಇದನ್ನು ದುಡ್ಡು ಕಳೆದುಕೊಂಡೇ ಕಲಿತೆ. ನನ್ನ ಹಳೆಯ ಓಮ್ನಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಸದ್ದಿನ ಮೇಲೆಯೇ ಕುಳಿತು ಓಡಿಸಬೇಕು. ಚಾಮುಂಡಿ ಬೆಟ್ಟದ ಏರಿನಲ್ಲಿ ಟಿಕ್ ಟಿಕ್ ಎಂಬುದು ಟಕ್ ಟಕ್ ಆಗುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಎರಡು ಸಲ ಟ್ಯಾಪೆಟ್ ಸೆಟ್ ಮಾಡಿ ಎರಡು ಸಲವೂ ಹಣ ಪಡೆದರು. ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಮೊಳದುದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಎಂಜಿನ್‌ನಿಂದ ಹೊಗೆ ಹೊರಹೋಗುವ ಕೊಳವೆಗಳ (ಎಕ್ಸಾಸ್ಟ್ ಮ್ಯಾನಿಫೋಲ್ಡ್) ಸುತ್ತ ಆಡಿಸಿ, ‘ಬನ್ನಿ, ನೀವೇ ಕೇಳಿ’ ಎಂದರು. ಜೋಡಣೆಯ ಸಂದು ಮುಚ್ಚುವ ಗ್ಯಾಸ್ಕೆಟ್ ಸುಟ್ಟು ಹೊಗೆ ಚಿಮ್ಮುತ್ತಿತ್ತು, ಪಕ್ಕದ ಲೋಹದ ಮೇಲೆ ಕಾಡಿಗೆಯಂಥ ಮಸಿ ಕಾಣುತ್ತಿತ್ತು. ಲೋಹ ಕಾದು ಹಿಗ್ಗಿದಾಗ ಆ ಸಂದು ತಾನೇ ಮುಚ್ಚಿಕೊಳ್ಳುತ್ತಿತ್ತು.

ಎಲ್ಲರೂ ಇಲ್ಲಿ ಏಕೆ ಎಡವುತ್ತಾರೆಂದರೆ, ಸಡಿಲ ಟ್ಯಾಪೆಟ್, ಹೊಗೆಯ ಸೋರಿಕೆ ಎರಡರದೂ ಒಂದೇ ತಾಳ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ, ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ದಂಡ ಒಂದು ಸುತ್ತು ತಿರುಗುತ್ತದೆ. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ನಿಮಿಷಕ್ಕೆ 800 ಸುತ್ತು ಎಂದರೆ ಒಂದು ಸಡಿಲ ಟ್ಯಾಪೆಟ್ 400 ಸಲ ಬಡಿಯುತ್ತದೆ, ಒಂದು ಸಿಲಿಂಡರಿನ ಹೊಗೆಯೂ 400 ಸಲವೇ ಸೋರುತ್ತದೆ. ಸಡಿಲವಾದ ಸ್ಪಾರ್ಕ್ ಪ್ಲಗ್ ಕೂಡ ಹಾಗೆಯೇ. ಕಿವಿಯೊಂದನ್ನೇ ನಂಬಿದರೆ ಮೋಸ ಹೋಗುವುದು ಸಹಜ. ಮೈಸೂರಿನಲ್ಲಂತೂ ಒಂದು ತಲೆಮಾರಿನ ಕಿವಿ ಪಳಗಿದ್ದೇ 1996ರವರೆಗೆ ಇಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳ ಮೇಲೆ. ಆ ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ ಟ್ಯಾಪೆಟ್ ಎಂಬುದೇ ಇರಲಿಲ್ಲ!

ಪೈಪಿನ ಪರೀಕ್ಷೆಯನ್ನು ನೀವೂ ಮಾಡಬಹುದು. ಬಯಲಿನಲ್ಲಿ ಮಾಡಿ, ಮುಚ್ಚಿದ ಷೆಡ್ಡಿನಲ್ಲಿ ಬೇಡ. ಹೆಗಲ ಮೇಲಿನ ಟವೆಲ್ ತೆಗೆದಿಡಿ, ಫ್ಯಾನ್ ಬೆಲ್ಟ್ ಅದಕ್ಕಾಗಿಯೇ ಕಾಯುತ್ತಿರುತ್ತದೆ. ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್‌ಗಳ ಬಳಿ ಕೇಳುವ ಮೃದುವಾದ, ಚುರುಕಾದ ಟಿಕ್ ಟಿಕ್‌ಗೆ ಹೆದರಬೇಡಿ, ಅವುಗಳ ಕೆಲಸವೇ ಅದು.

ಹೆಡ್ ಮೇಲಿನ ಮುಚ್ಚಳದ ಕೆಳಗಿಂದಲೇ ಸದ್ದು ಬರುತ್ತಿದ್ದು, ನಿಮ್ಮದು ಸ್ಕ್ರೂ ತಿರುಗಿಸಿ ಸಂದು ಹೊಂದಿಸುವ ಟ್ಯಾಪೆಟ್ ಆಗಿದ್ದರೆ, ಕಾರನ್ನು ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟುಬನ್ನಿ. ಕಂಪನಿ ತಣ್ಣನೆಯ ಎಂಜಿನ್‌ಗೆ ಕೊಟ್ಟಿರುವ ಸಂದಿನ ಅಳತೆಯನ್ನು ಬಿಸಿ ಎಂಜಿನ್‌ಗೆ ಹಿಡಿದರೆ ಲೆಕ್ಕ ತಪ್ಪುತ್ತದೆ. ಸಂದು ಅಳೆಯುವ ತೆಳು ಲೋಹದ ಪಟ್ಟಿ, ಅಂದರೆ ಫೀಲರ್ ಗೇಜ್ ಇಟ್ಟು ಅಳೆಯಲು ಹೇಳಿ. ‘ಕೈಯಂದಾಜಿನಲ್ಲಿ ಬಿಗಿ ಮಾಡಿದ್ದೇನೆ ಸಾರ್, ಸದ್ದೇ ಇಲ್ಲ’ ಎನ್ನುವವರ ಬಗ್ಗೆ ಎಚ್ಚರ. ಸಡಿಲ ಟ್ಯಾಪೆಟ್ ಕೂಗಿ ಹೇಳುತ್ತದೆ. ಅತಿಯಾಗಿ ಬಿಗಿದದ್ದು ಮೌನವಾಗಿ ಎಕ್ಸಾಸ್ಟ್ ವಾಲ್ವನ್ನು ಪೂರ್ತಿ ಮುಚ್ಚಿಕೊಳ್ಳಲು ಬಿಡದೆ ಸುಡುತ್ತದೆ. ಆಮೇಲೆ ಹೆಡ್ ನಿಜಕ್ಕೂ ಇಳಿಸಬೇಕಾಗುತ್ತದೆ.

ಇವೆಲ್ಲ ನಿಧಾನವಾಗಿ ನೋಡಿಕೊಳ್ಳಬಹುದಾದ ಸದ್ದುಗಳು. ಆದರೆ ಟಿಕ್ ಟಿಕ್ ಬದಲು ಕೆಳಗಿನಿಂದ ದಪ್ಪನೆಯ ಬಡಿತ ಕೇಳಿ, ಬಿಸಿಯಾದಂತೆ ಅದು ಹೆಚ್ಚಿದರೆ, ಇಲ್ಲವೇ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ದೀಪ ಕೆಂಪಾಗಿ ಹೊತ್ತಿಕೊಂಡರೆ, ಮುಂದಿನ ಊರಿನವರೆಗೆ ಎಳೆದಾಡದೆ ಅಲ್ಲೇ ಅಂಚಿಗೆ ನಿಲ್ಲಿಸಿ ಎಂಜಿನ್ ಆರಿಸಿ, ಟೋ ಮಾಡಲು ಗಾಡಿ ಕರೆಸಿ.