ಸ್ಕ್ಯಾನರ್ ಕೊಳ್ಳುವ ಮೊದಲು ಫೋಟೊ ಪೆಟ್ಟಿಗೆ ತೆರೆಯಿರಿ

ಮನೆಯ ಹಳೆಯ ಫೋಟೊಗಳನ್ನು ತಾವೇ ಸ್ಕ್ಯಾನ್ ಮಾಡಿಕೊಳ್ಳಬೇಕೆಂದು ಹೊರಟವರು ನನ್ನನ್ನು ಮೊದಲು ಕೇಳುವ ಪ್ರಶ್ನೆ, ಎಷ್ಟು ಡಿಪಿಐ (ಒಂದು ಅಂಗುಲದಲ್ಲಿ ದಾಖಲಾಗುವ ಚುಕ್ಕೆಗಳ ಸಂಖ್ಯೆ) ಇರುವ ಯಂತ್ರ ತೆಗೆದುಕೊಳ್ಳಬೇಕು ಎಂಬುದು. ಹಳೆಯ ಫೋಟೊಗಳ ಡಿಜಿಟಲೀಕರಣವೇ ನನ್ನ ವೃತ್ತಿಯಾಗಿರುವುದರಿಂದ ನಾನು ಅವರನ್ನು ಮರಳಿ ಕೇಳುವುದು ಒಂದೇ: ನಿಮ್ಮ ಫೋಟೊಗಳನ್ನು ಮೇಜಿನ ಮೇಲೆ ಇಟ್ಟರೆ ಸಮತಟ್ಟಾಗಿ ಕೂರುತ್ತವೆಯೇ?

ಎರಡು ವರ್ಷಗಳ ಹಿಂದೆ ಒಬ್ಬರು ತಮ್ಮ ಅಜ್ಜ-ಅಜ್ಜಿಯ ಮದುವೆಯ ಗ್ರೂಪ್ ಫೋಟೊ ತಂದಿದ್ದರು. ಸ್ಟುಡಿಯೊದವರು ದಪ್ಪ ರಟ್ಟಿಗೆ ಅಂಟಿಸಿಕೊಟ್ಟಿದ್ದ ಆ ಫೋಟೊ ಹಲವು ಮಳೆಗಾಲಗಳನ್ನು ಕಂಡು ನಡುವೆ ಬಿಲ್ಲಿನಂತೆ ಬಾಗಿತ್ತು. ಮನೆಯ ಹೊಸ ಸ್ಕ್ಯಾನರಿನಲ್ಲಿ, ಅದರಲ್ಲಿದ್ದ ಅತಿ ಹೆಚ್ಚಿನ ಡಿಪಿಐ ಆರಿಸಿ ಅವರು ತೆಗೆದಿದ್ದ ಪ್ರತಿಯನ್ನು ಹಿಗ್ಗಿಸಿ ನೋಡಿದರೆ, ಅಂಚಿನಲ್ಲಿ ಹಾಸಿದ್ದ ಜಮಖಾನದ ಎಳೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು; ನಡುವೆ ಕುಳಿತಿದ್ದ ಅಜ್ಜಿಯ ಮೂಗುತಿ ಮಾತ್ರ ಒಂದು ಬಿಳಿ ಮಸುಕಾಗಿತ್ತು. ಅದೇ ಫೋಟೊವನ್ನು ನನ್ನ ಯಂತ್ರದಲ್ಲಿ 600 ಡಿಪಿಐಗೆ ಇಟ್ಟು ಸ್ಕ್ಯಾನ್ ಮಾಡಿದಾಗ ಮೂಗುತಿಯ ಹರಳುಗಳು ಬಿಡಿಬಿಡಿಯಾಗಿ ಕಂಡವು.

ಈ ವ್ಯತ್ಯಾಸಕ್ಕೆ ಕಾರಣ ಯಂತ್ರದ ಒಳಗಿನ ಸೆನ್ಸರ್, ಅಂದರೆ ಬೆಳಕನ್ನು ಗ್ರಹಿಸಿ ಚಿತ್ರವಾಗಿಸುವ ಭಾಗ. ಮನೆಬಳಕೆಯ ಸ್ಕ್ಯಾನರುಗಳಲ್ಲಿ ಸಿಐಎಸ್ ಮತ್ತು ಸಿಸಿಡಿ ಎಂಬ ಎರಡು ಬಗೆಗಳಿವೆ; ಅವರದು ಸಿಐಎಸ್, ನನ್ನದು ಸಿಸಿಡಿ. ಸಿಐಎಸ್ ಸೆನ್ಸರ್ ಗಾಜಿನ ಕೆಳಗೆ ತೀರಾ ಹತ್ತಿರದಲ್ಲೇ ಚಲಿಸುವುದರಿಂದ ಗಾಜಿಗೆ ತಾಗಿಕೊಂಡಿರುವುದನ್ನು ಮಾತ್ರ ನಿಖರವಾಗಿ ಕಾಣುತ್ತದೆ, ಫೋಟೊ ಸ್ವಲ್ಪ ಮೇಲೆದ್ದರೂ ಅಲ್ಲಿ ಫೋಕಸ್ ತಪ್ಪುತ್ತದೆ. ಸಿಸಿಡಿ ಯಂತ್ರದಲ್ಲಿ ಬೆಳಕು ಕನ್ನಡಿಗಳ ಮೂಲಕ ಹಾದು ಲೆನ್ಸಿನಿಂದ ಸೆನ್ಸರನ್ನು ತಲುಪುವುದರಿಂದ ಕೆಲವು ಮಿಲಿಮೀಟರ್ ಮೇಲಿರುವುದೂ ಸ್ಫುಟವಾಗಿ ಮೂಡುತ್ತದೆ. ಕ್ಯಾನನ್ ಲೈಡ್ 300, ಲೈಡ್ 400 ಮತ್ತು ಎಪ್ಸನ್ ವಿ39 ಮೊದಲನೆಯ ಬಗೆಯವು. ತೆಳುವಾದ, ಹಗುರವಾದ, ಅಗ್ಗದ ಯಂತ್ರಗಳು. ಎಪ್ಸನ್ ವಿ600 ಎರಡನೆಯ ಬಗೆಯದು. ದೊಡ್ಡದು, ಭಾರವಾದದ್ದು, ಬೆಲೆಯೂ ಹೆಚ್ಚು. ನಿಮ್ಮಲ್ಲಿರುವುದೆಲ್ಲ ಕಲರ್ ಲ್ಯಾಬಿನಿಂದ ಬಂದ ಸಪಾಟಾದ ಪ್ರಿಂಟುಗಳಾದರೆ ಸಿಐಎಸ್ ಯಂತ್ರವೇ ಸಾಕು, ಹೆಚ್ಚು ಹಣ ಹಾಕಬೇಕಾಗಿಲ್ಲ. ರಟ್ಟಿಗೆ ಅಂಟಿಸಿದ, ಬಾಗಿದ, ಸುರುಳಿಗಟ್ಟಿದ ಫೋಟೊಗಳಿದ್ದರೆ, ಅಥವಾ ನೆಗೆಟಿವ್ ರೀಲುಗಳಿದ್ದರೆ, ಸಿಸಿಡಿಯನ್ನೇ ಕೊಳ್ಳಿ. ಬಾಗಿದ ರಟ್ಟನ್ನು ಮುಚ್ಚಳದಿಂದ ಒತ್ತಿ ಸಪಾಟು ಮಾಡಲು ಹೋಗಬೇಡಿ. ರಟ್ಟಿನ ಜೊತೆ ಫೋಟೊದ ಮೇಲ್ಪದರವೂ ಸೀಳುತ್ತದೆ, ಆ ಸೀಳನ್ನು ಯಾರೂ ಕೂಡಿಸಲಾರರು.

ಇನ್ನು ಡಿಪಿಐ. ಕಾಗದದ ಫೋಟೊದಲ್ಲಿ ಅಡಗಿರುವ ವಿವರ ಸಾಮಾನ್ಯವಾಗಿ 300 ಡಿಪಿಐಗೆ ಸಿಕ್ಕಿಬಿಡುತ್ತದೆ, 600 ಇಟ್ಟರೆ ಮುಂದೆ ದೊಡ್ಡದಾಗಿ ಮುದ್ರಿಸಲೂ ಅವಕಾಶ ಉಳಿಯುತ್ತದೆ. 4×6 ಅಂಗುಲದ ಫೋಟೊ 600ರಲ್ಲಿ 2400×3600 ಪಿಕ್ಸೆಲ್ ಆಗುತ್ತದೆ, ವಿವರ ಕಳೆಯದೆ ಚಿತ್ರವನ್ನು ಕಾಪಾಡುವ ಟಿಫ್ ಕಡತವಾಗಿ ಉಳಿಸಿದರೆ ಸುಮಾರು 26 ಎಂಬಿ. ಅದನ್ನೇ 4800ರಲ್ಲಿ ತೆಗೆದರೆ ಒಂದೊಂದು ಕಡತವೂ ಒಂದೂವರೆ ಜಿಬಿ ಮೀರುತ್ತದೆ, ಹೆಚ್ಚಾಗಿ ದಾಖಲಾಗುವುದು ಕಾಗದದ ನಾರು ಮತ್ತು ಧೂಳು. ಪಾಸ್‌ಪೋರ್ಟ್ ಅಳತೆಯ ಪುಟ್ಟ ಫೋಟೊಗಳಿಗೆ 1200 ಇಡಿ. ನೆಗೆಟಿವ್‌ನ ಲೆಕ್ಕ ಬೇರೆ: 35 ಮಿಮೀ ರೀಲಿನ ಒಂದು ಚೌಕಟ್ಟು 24×36 ಮಿಮೀ ಮಾತ್ರ ಇರುವುದರಿಂದ ಅಲ್ಲಿ 2400 ಅಥವಾ 3200 ಬೇಕೇ ಬೇಕು. ನೆಗೆಟಿವ್‌ನ ಧೂಳು, ಗೀರುಗಳನ್ನು ಅತಿಕೆಂಪು ಕಿರಣದಿಂದ ಗುರುತಿಸಿ ಅಳಿಸುವ ಸೌಲಭ್ಯ ವಿ600ನಂಥ ಯಂತ್ರಗಳಲ್ಲಿದೆ. ಅದು ಕಲರ್ ರೀಲಿಗೆ ಬಹಳ ಉಪಯುಕ್ತ. ಸಾಮಾನ್ಯ ಕಪ್ಪು-ಬಿಳುಪು ರೀಲಿನಲ್ಲಿ ಚಿತ್ರವೇ ಬೆಳ್ಳಿಯ ಕಣಗಳಿಂದಾಗಿದ್ದು ಆ ಕಣಗಳು ಅತಿಕೆಂಪು ಕಿರಣವನ್ನು ತಡೆಯುವುದರಿಂದ ಯಂತ್ರ ಚಿತ್ರವನ್ನೇ ಧೂಳೆಂದು ಭಾವಿಸುತ್ತದೆ. ಅಲ್ಲಿ ಆ ಸೌಲಭ್ಯವನ್ನು ಆಫ್ ಮಾಡಿಡಬೇಕು.

ಯಂತ್ರ ಮನೆಗೆ ಬಂದ ಮೇಲೆ ಅಲುಗಾಡದ ಮೇಜಿನ ಮೇಲೆ, ಫ್ಯಾನಿನ ಗಾಳಿ ನೇರವಾಗಿ ಬೀಳದ ಕಡೆ ಇಡಿ. ಕೆಲವು ಮಾದರಿಗಳಲ್ಲಿ ಸಾಗಣೆಯ ಸಮಯದಲ್ಲಿ ಒಳಭಾಗ ಕದಲದಂತೆ ಒಂದು ಲಾಕ್ ಇರುತ್ತದೆ, ಕರೆಂಟ್ ಕೊಡುವ ಮೊದಲು ಅದನ್ನು ಬಿಡಿಸಬೇಕು. ಲೈಡ್ ಯಂತ್ರಗಳಿಗೆ ವಿದ್ಯುತ್ ಬರುವುದೇ ಯುಎಸ್‌ಬಿ ತಂತಿಯಿಂದ. ಆದ್ದರಿಂದ ತಂತಿಯನ್ನು ಹಲವು ತಂತಿಗಳನ್ನು ಕೂಡಿಸುವ ಯುಎಸ್‌ಬಿ ಹಬ್‌ಗೆ ಸಿಕ್ಕಿಸದೆ ಕಂಪ್ಯೂಟರಿಗೇ ನೇರವಾಗಿ ಸಿಕ್ಕಿಸಿ. ಗಾಜನ್ನು ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿ, ದ್ರವವನ್ನು ಎಂದಿಗೂ ಗಾಜಿನ ಮೇಲೆ ಸಿಂಪಡಿಸಬೇಡಿ. ಅದು ಅಂಚಿನಿಂದ ಒಳಗಿಳಿದರೆ ಗಾಜಿನ ಒಳಮೈಯಲ್ಲಿ ಕಲೆ ನಿಲ್ಲುತ್ತದೆ.

ತಂತ್ರಾಂಶದಲ್ಲಿ ನಾನು ಮೊದಲು ಮಾಡುವ ಕೆಲಸವೆಂದರೆ ತನ್ನಷ್ಟಕ್ಕೆ ಚಿತ್ರವನ್ನು ತಿದ್ದುವ ಎಲ್ಲ ಆಯ್ಕೆಗಳನ್ನೂ ತೆಗೆದುಹಾಕುವುದು. ಪ್ರಿಂಟಿನ ಧೂಳು ಅಳಿಸುವ ಆಯ್ಕೆ ಚಿಕ್ಕ ಬಿಳಿ ಚುಕ್ಕೆಗಳನ್ನು ಹುಡುಕಿ ಒರೆಸುತ್ತದೆ. ಮೂಗುತಿಯ ಹೊಳಪೂ ಕಣ್ಣಿನ ಮಿಂಚೂ ಅದರ ಪಾಲಿಗೆ ಧೂಳೇ. ಕಪ್ಪು-ಬಿಳುಪು ಫೋಟೊವನ್ನೂ 24 ಬಿಟ್ ಕಲರಿನಲ್ಲಿಯೇ ಸ್ಕ್ಯಾನ್ ಮಾಡಿ, ಏಕೆಂದರೆ ಹಳದಿಯಾದ ಕಲೆಯನ್ನು ಮುಂದೆ ತಿದ್ದುವವರಿಗೆ ಆ ಬಣ್ಣವೇ ದಾರಿ ತೋರಿಸುತ್ತದೆ. ಮನೆಮಂದಿಗೆಲ್ಲ ಬೇಕಾದ ಫೋಟೊಗಳನ್ನು ಟಿಫ್ ಆಗಿ ಉಳಿಸಿ, ಉಳಿದವಕ್ಕೆ ಉತ್ತಮ ಗುಣಮಟ್ಟದ ಜೆಪೆಗ್ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಫೋಟೊಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮಲೆನಾಡು, ಕರಾವಳಿಯ ಮನೆಗಳಿಂದ ಬರುವ ಅನೇಕ ಕಟ್ಟುಗಳಲ್ಲಿ ತೇವಕ್ಕೆ ಫೋಟೊದ ಮೇಲ್ಪದರ ಮೆತ್ತಗಾಗಿ ಗಾಜಿಗೆ ಅಂಟಿಕೊಂಡಿರುತ್ತದೆ. ಎಳೆದರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಅಂಥದ್ದನ್ನು ಕಟ್ಟಿನಿಂದ ಬಿಡಿಸಿದರೂ ಗಾಜಿನ ಸಮೇತವೇ ಸಿಸಿಡಿ ಯಂತ್ರದ ಮೇಲೆ ಮಲಗಿಸಿ ಸ್ಕ್ಯಾನ್ ಮಾಡಬೇಕು. ಬೂಷ್ಟು ಹಿಡಿದವನ್ನು ಬೇರೆಯಾಗಿಯೇ ಇಟ್ಟುಕೊಂಡು ಕೊನೆಯಲ್ಲಿ ಮಾಡಿ, ಪ್ರತಿ ಸಲವೂ ಗಾಜನ್ನು ಒರೆಸಿ.

ಪ್ರತಿಯೊಂದು ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಅದೇ ಹೆಸರಿನಲ್ಲಿ ಜೋಡಿಯಾಗಿಡಿ. ಸ್ಟುಡಿಯೊದ ಸೀಲು, ಪೆನ್ಸಿಲಿನಲ್ಲಿ ಬರೆದ ತಾರೀಕು, ಯಾರೋ ಮಾವ ಬರೆದಿಟ್ಟ ಹೆಸರುಗಳ ಸಾಲು ಇರುವುದು ಅಲ್ಲಿಯೇ. ಮೊದಲು ಹೇಳಿದ ಆ ಗ್ರೂಪ್ ಫೋಟೊದ ಹಿಂದೆ ನಿಂತವರ, ಕುಳಿತವರ ಹೆಸರುಗಳು ಎಡದಿಂದ ಬಲಕ್ಕೆ ಬರೆದಿದ್ದವು. ಎರಡು ಹೆಸರುಗಳು ಮಾತ್ರ ಅಳಿಸಿಹೋಗಿದ್ದವು. ತಂದಿದ್ದವರು ಆ ಮುಖಗಳನ್ನು ದೊಡ್ಡದು ಮಾಡಿ ಊರಿನಲ್ಲಿದ್ದ ತಮ್ಮ ಸೋದರತ್ತೆಗೆ ಕಳಿಸಿದರು, ಅದೇ ಸಂಜೆ ಎರಡೂ ಹೆಸರುಗಳು ಸಿಕ್ಕಿದವು.