ನಾರಾಯಣಪುರದ ನೀರು ಹಂಚುವವರಿಗೆ ಕಲಿಸಿದವರು ಯಾರು?

ಕೃಷ್ಣಾ ನದಿಯ ನಾರಾಯಣಪುರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆ 78 ಕಿ.ಮೀ. ಉದ್ದ. ಅದರ ಮುಂದುವರಿಕೆಯಂತಿರುವ ಶಹಾಪುರ ಶಾಖಾ ಕಾಲುವೆ ಮತ್ತೆ 76 ಕಿ.ಮೀ. ನೀರು ಸೆಕೆಂಡಿಗೆ ಒಂದು ಮೀಟರ್ ಹರಿಯುತ್ತದೆ ಎಂದು ಹಿಡಿದರೆ, ಇವತ್ತು ಬೆಳಿಗ್ಗೆ ಜಲಾಶಯದಲ್ಲಿ ಬಿಟ್ಟ ನೀರು ಶಾಖಾ ಕಾಲುವೆಯ ಕೊನೆ ಮುಟ್ಟುವುದು ನಾಡಿದ್ದು ನಸುಕಿಗೆ. ಅಷ್ಟರಲ್ಲಿ ಮಳೆ ಬಂದರೆ ರೈತರು ತೂಬು ಮುಚ್ಚುತ್ತಾರೆ, ನೀರು ಹಳ್ಳದ ಪಾಲಾಗುತ್ತದೆ. ಮಳೆ ಕೈಕೊಟ್ಟರೆ ಮೇಲ್ಭಾಗದಲ್ಲೇ ಖರ್ಚಾಗುತ್ತದೆ. ಈ ಎರಡು ದಿನಗಳ ಅಂತರವನ್ನು ಮೊದಲೇ ಲೆಕ್ಕಹಾಕಿ ಯಾವ ಗೇಟನ್ನು ಎಷ್ಟು ಎತ್ತಬೇಕು ಎಂದು ನಿರ್ಧರಿಸುವುದೇ ಒಂದು ವಿದ್ಯೆ. ಯಾದಗಿರಿ, ಜೇವರ್ಗಿ ಕಡೆ ‘ಕೊನೆ ಭಾಗಕ್ಕೆ ನೀರು ಬಂದಿಲ್ಲ’ ಎಂದು ರೈತರು ರಸ್ತೆಗಿಳಿದಾಗಲೆಲ್ಲ ಚರ್ಚೆ ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಲೆಕ್ಕದಲ್ಲೇ ಮುಗಿಯುತ್ತದೆ. ಆ ವಿದ್ಯೆ ಯಾರಿಗೆ ಗೊತ್ತಿದೆ ಎಂದು ಯಾರೂ ಕೇಳುವುದಿಲ್ಲ.

ಭಾರತದ ಎಂಜಿನಿಯರಿಂಗ್ ಶಿಕ್ಷಣ ಶುರುವಾದದ್ದೇ ಕಾಲುವೆಯಿಂದ. ಗಂಗಾ ಕಾಲುವೆಗೆ ಜನ ಬೇಕೆಂದು 1847ರಲ್ಲಿ ರೂರ್ಕಿಯಲ್ಲಿ ಕಾಲೇಜು ತೆರೆದರು. ಆದರೆ ಅಲ್ಲಿಂದ ಇಲ್ಲಿಯವರೆಗೂ ಕಟ್ಟುವುದಕ್ಕೆ ಸಿಕ್ಕ ಮಾನ ನಡೆಸುವುದಕ್ಕೆ ಸಿಗಲಿಲ್ಲ. ಅಪವಾದಗಳೂ ಇವೆ. ಕಳೆದ ಶತಮಾನದ ಆರಂಭದ ಹೊತ್ತಿಗೆ ಮುಂಬೈ ಪ್ರಾಂತ್ಯದಲ್ಲಿದ್ದ ಎಂ. ವಿಶ್ವೇಶ್ವರಯ್ಯ ನೀರಾ ಕಾಲುವೆಯ ಮೇಲೆ ‘ಬ್ಲಾಕ್ ಪದ್ಧತಿ’ ತಂದರು. ಜಮೀನನ್ನು ಬ್ಲಾಕುಗಳಾಗಿ ಗೊತ್ತುಮಾಡಿ, ಬೆಳೆ ಸರದಿ ನಿಗದಿಮಾಡಿ, ನೀರನ್ನು ಪಾಳಿಯ ಪ್ರಕಾರ ಕೊಡುವ ಕ್ರಮ ಅದು. ನೀರಾ ನದಿ ಸೇರುವುದು ನಮ್ಮ ಭೀಮೆಯನ್ನೇ. ಆ ನೀರು ಅಫಜಲಪುರ, ಜೇವರ್ಗಿ ದಾಟಿ ಹರಿಯಿತು, ಆ ಶಿಸ್ತು ಮಾತ್ರ ಇಲ್ಲಿಯವರೆಗೆ ಬರಲಿಲ್ಲ.

ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ಇದೇ ಯೋಜನೆಯ ನಾರಾಯಣಪುರ ಜಲಾಶಯ, ಅಂದರೆ ಬಸವಸಾಗರ, ಸಿದ್ಧವಾಗಿದ್ದು 1982ರಲ್ಲಿ. ಯೋಜನೆಯ ಮೊದಲೆರಡು ಹಂತಗಳ ಪಾಲು 173 ಟಿಎಂಸಿ, ತಣಿಸಬೇಕಾದ ಭೂಮಿ 6.22 ಲಕ್ಷ ಹೆಕ್ಟೇರ್. ಭಾಗಿಸಿ ನೋಡಿದರೆ ಹೆಕ್ಟೇರಿನ ಮೇಲೆ ಸುಮಾರು 80 ಸೆಂ.ಮೀ. ನೀರು, ಅದೂ ದಾರಿಯಲ್ಲಿ ಇಂಗುವುದನ್ನು, ಆವಿಯಾಗುವುದನ್ನು ಕಳೆಯುವ ಮುಂಚೆ. ಭತ್ತಕ್ಕೆ ಹೊಲದಲ್ಲೇ ಒಂದು ಮೀಟರಿಗಿಂತ ಹೆಚ್ಚು ಬೇಕು. ಜೋಳ, ಕಡಲೆ, ಶೇಂಗಾ, ಹತ್ತಿಯಂಥ ಬೆಳೆಗೆ ಹಗುರವಾಗಿ ನೀರುಣಿಸುವ ಯೋಜನೆ ಇದು ಎಂಬುದು ಮೊದಲಿನಿಂದಲೂ ಕಾಗದದ ಮೇಲಿತ್ತು. ಶಹಾಪುರ, ಸುರಪುರದ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದ್ದೂ, ಎರೆಭೂಮಿ ಜೌಳು ಹಿಡಿದಿದ್ದೂ, ಕೊನೆಯವರ ಹೊಲಗಾಲುವೆಯಲ್ಲಿ ಜಾಲಿ ಬೆಳೆದಿದ್ದೂ ಒಂದೇ ಕಥೆ.

ತರಬೇತಿಯ ಯೋಚನೆ ಬರಲಿಲ್ಲವೆಂದಲ್ಲ, ತಡವಾಗಿ ಬಂತು. 1974-75ರಲ್ಲಿ ಕೇಂದ್ರ ಸರ್ಕಾರ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಕಾರ್ಯಕ್ರಮ ಶುರುಮಾಡಿತು. ನಮ್ಮ ಕಾಡಾ, ಅಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಚೇರಿ, ಭೀಮರಾಯನಗುಡಿಗೆ ಬಂತು. 1980ರಲ್ಲಿ ಔರಂಗಾಬಾದಿನಲ್ಲಿ, 1985ರಲ್ಲಿ ಧಾರವಾಡದಲ್ಲಿ ವಾಲ್ಮಿ, ಅಂದರೆ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಗಳು ಹುಟ್ಟಿದವು. ಎಂಜಿನಿಯರು, ಕೃಷಿ ಅಧಿಕಾರಿ, ರೈತ ಒಂದೇ ಕೋಣೆಯಲ್ಲಿ ಕೂತು ಕಲಿಯಬೇಕೆಂಬ ಆಲೋಚನೆ ನಿಜಕ್ಕೂ ದೊಡ್ಡದು. 2000ದಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಬಲ ಕೊಟ್ಟರು. ಅಧಿಕಾರವನ್ನು ಸಂಘಕ್ಕೆ ಕೊಟ್ಟ ಮೇಲೆ ಅಳತೆಯನ್ನೂ ಸಂಘಕ್ಕೆ ಕಲಿಸಬೇಕಿತ್ತು.

ಅಳತೆ ಎಂದರೆ ಏನು ಎಂದು ವಿತರಣಾ ಕಾಲುವೆಯ ಬಾಯಲ್ಲಿ ನಿಂತು ನೋಡಬೇಕು. ಗೋಡೆಗೆ ನೀರಿನ ಎತ್ತರ ತೋರಿಸುವ ಗೇಜಿನ ಪಟ್ಟಿ ಇರುತ್ತದೆ. ನೀರು ಇಷ್ಟು ಅಡಿ ನಿಂತರೆ ಇಷ್ಟು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ) ಎಂಬ ಕೋಷ್ಟಕ ಕಚೇರಿಯಲ್ಲಿರುತ್ತದೆ. ತಳದಲ್ಲಿ ಹೂಳು ತುಂಬಿದರೆ, ಮುಂದೆ ಕಸ ಕಟ್ಟಿಕೊಂಡರೆ, ಗೇಜು ಅದೇ ಅಡಿ ತೋರಿಸುತ್ತದೆ, ಹರಿಯುವ ನೀರು ಮಾತ್ರ ಕಡಿಮೆ. ಕೋಷ್ಟಕ ನಂಬಿದವರು ‘ನೀರು ಕೊಟ್ಟಿದ್ದೇವೆ’ ಎನ್ನುತ್ತಾರೆ, ಕೆಳಗಿನವರು ‘ಬಂದಿಲ್ಲ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹರಿವನ್ನು ಆಗಾಗ ಮೀಟರ್ ಇಳಿಸಿ ಅಳೆದು ಕೋಷ್ಟಕ ತಿದ್ದಬೇಕೆಂದು ಕಲಿತವನಿದ್ದರೆ ಆ ಜಗಳ ಅಲ್ಲೇ ತೀರುತ್ತದೆ. ಗೇಟನ್ನು ಒಮ್ಮೆಲೇ ಮುಚ್ಚಬಾರದೆಂಬುದೂ ಇಂಥದ್ದೇ ಪಾಠ: ಕಾಲುವೆಯ ನೀರು ಸರ್ರನೆ ಇಳಿದರೆ ನೆನೆದ ಎರೆಮಣ್ಣು ಹಿಂದಿನಿಂದ ಒತ್ತಿ ಕಾಂಕ್ರೀಟ್ ಹಾಸು ಕುಸಿಯುತ್ತದೆ. ಇನ್ನೊಂದು ಪಾಠವನ್ನು ಪ್ರತಿ ರೈತನೂ ಬಾಯಿಪಾಠ ಮಾಡಬಹುದು. ಒಂದು ಕ್ಯೂಸೆಕ್ ನೀರು ಒಂದು ತಾಸು ಹರಿದರೆ ಒಂದು ಎಕರೆಯಲ್ಲಿ ಒಂದು ಇಂಚು ನಿಲ್ಲುತ್ತದೆ. ವಾರಾಬಂದಿಯಲ್ಲಿ, ಅಂದರೆ ಸರದಿಯ ಮೇಲೆ ನೀರು ಹಂಚುವ ಕ್ರಮದಲ್ಲಿ, ತನ್ನ ಪಾಳಿ ಎಷ್ಟು ತಾಸು ಎಂದು ಇದರಿಂದ ಅವನೇ ಲೆಕ್ಕ ಹಾಕಿಕೊಳ್ಳುತ್ತಾನೆ.

2023ರ ಜನವರಿ 19ರಂದು ಹುಣಸಗಿ ತಾಲ್ಲೂಕಿನ ಕೊಡೇಕಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಎಡದಂಡೆ ಕಾಲುವೆಯ ನವೀಕರಣ ಯೋಜನೆಯನ್ನು ಉದ್ಘಾಟಿಸಿದರು. ವೆಚ್ಚ ಸುಮಾರು 4,700 ಕೋಟಿ ರೂಪಾಯಿ, ಕಾಲುವೆ ಸಾಮರ್ಥ್ಯ 10,000 ಕ್ಯೂಸೆಕ್, ವ್ಯಾಪ್ತಿ ಮೂರು ಜಿಲ್ಲೆಗಳ 560 ಹಳ್ಳಿ. ಸ್ಕಾಡಾ, ಅಂದರೆ ಸೆನ್ಸರು, ಕಂಪ್ಯೂಟರಿನ ಮೂಲಕ ಕಾಲುವೆಯ ಮೇಲೆ ನಿಗಾ ಇಡುವ ಏರ್ಪಾಡು ಬಂದಿದೆ, ಗೇಟುಗಳನ್ನು ದೂರದಿಂದಲೇ ಏರಿಸಿ ಇಳಿಸುವ ವ್ಯವಸ್ಥೆ ಬಂದಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಸೆನ್ಸರಿನ ಮೇಲೆ ಹೂಳು ಕೂತರೆ ಕಂಪ್ಯೂಟರಿಗೂ ತಪ್ಪು ಅಂಕಿಯೇ ಸಿಗುತ್ತದೆ. ಪರದೆಯ ಮೇಲಿನ ಅಂಕಿ ತಪ್ಪೆಂದು ಗುರುತಿಸಲು ಕಾಲುವೆಯ ದಂಡೆ ಗೊತ್ತಿದ್ದವನೇ ಬೇಕು. ಗೇಟು ನೋಡಿಕೊಂಡು ನೀರು ಬಿಡುವ ನೀರಗಂಟಿಯ ಕೆಲಸ ಯಂತ್ರದಿಂದ ಮುಗಿಯಲಿಲ್ಲ, ಮೊದಲಿಗಿಂತ ಹೆಚ್ಚು ಓದು ಬೇಡುವ ಕೆಲಸವಾಯಿತು. ಆ ಹುದ್ದೆಯನ್ನು ದಿನಗೂಲಿಯವರ ಕೈಗೆ ಬಿಟ್ಟು, ವರ್ಷ ವರ್ಷ ಬದಲಿಸುತ್ತ ಹೋದರೆ ಕೋಟಿಗಟ್ಟಲೆ ಸುರಿದ ಗೇಟುಗಳನ್ನು ಕಾಯುವವರು ಯಾರು?

ಭೀಮರಾಯನಗುಡಿಯಲ್ಲಿ ಕಾಡಾ ಕಚೇರಿಯೂ ಇದೆ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜೂ ಇದೆ, ಕಾಲುವೆ ಹತ್ತಿರದಲ್ಲೇ ಇದೆ. ಧಾರವಾಡಕ್ಕೆ ಬಸ್ಸು ಹತ್ತಿಸಿ ಎರಡು ದಿನದ ಭಾಷಣ ಕೇಳಿಸುವ ಬದಲು ತರಬೇತಿಯನ್ನು ಇಲ್ಲೇ ನಡೆಸಬಹುದು. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಹೂಳು, ಗೇಜು, ಗೇಟಿನ ಪಾಠ. ಮುಂಗಾರಿಗೆ ನೀರು ಬಿಟ್ಟ ಮೇಲೆ ಅಳತೆಯ ಪಾಠ. ಕಲಿಯುವವರ ಸಾಲಿನಲ್ಲಿ ಕಿರಿಯ ಎಂಜಿನಿಯರ್, ನೀರಗಂಟಿ, ಸಂಘದ ಕಾರ್ಯದರ್ಶಿ ಮೂವರೂ ಇರಬೇಕು. ಕಾರ್ಯದರ್ಶಿ ಕೊನೆ ಭಾಗದ ಊರಿನವರಾದರೆ ಇನ್ನೂ ಒಳ್ಳೆಯದು.